ಏಜ್ ಆಫ್ ಎಂಪೈರ್ಸ್ 2 ಅಥವಾ 4: ಒಂದನ್ನೇ ಕೊಳ್ಳುವುದಾದರೆ ಯಾವುದು?

ಕಾಲೇಜು ಮುಗಿದ ಮೇಲೆ ನಮ್ಮ ಗೆಳೆಯರ ಗುಂಪು ಚದುರಿಹೋಯಿತು. ಒಬ್ಬ ಪುಣೆ, ಒಬ್ಬ ಹೈದರಾಬಾದ್, ಒಬ್ಬಳು ಚೆನ್ನೈ. ಶನಿವಾರ ರಾತ್ರಿ ಆನ್‌ಲೈನ್‌ನಲ್ಲಿ ಸೇರಿ ಗೇಮ್ ಆಡೋಣ ಎಂದು ವಾಟ್ಸ್‌ಆ್ಯಪ್ ಗುಂಪಿನಲ್ಲಿ ತೀರ್ಮಾನವಾಯಿತು. 'ಏಜ್ ಆಫ್ ಎಂಪೈರ್ಸ್' ಎಂದಷ್ಟೇ ಮಾತಾಗಿತ್ತು, ಯಾವ ಭಾಗ ಎಂದು ಯಾರೂ ಕೇಳಲಿಲ್ಲ. ಇಬ್ಬರು 2 ಕೊಂಡರು, ಇಬ್ಬರು 4 ಕೊಂಡೆವು. ಇವೆರಡೂ ಪ್ರತ್ಯೇಕ ಗೇಮ್‌ಗಳು. ಒಂದನ್ನು ಕೊಂಡವರು ಇನ್ನೊಂದರಲ್ಲಿ ಸೇರಿಕೊಳ್ಳಲು ಬರುವುದಿಲ್ಲ. ಮೊದಲ ಶನಿವಾರ ಬರೀ ಹರಟೆಯಲ್ಲೇ ಮುಗಿಯಿತು.

ಈ ಗೊಂದಲ ನಮ್ಮೊಬ್ಬರದೇ ಅಲ್ಲ. 1997ರಲ್ಲಿ ಶುರುವಾದ ಈ ಸರಣಿಯಲ್ಲಿ 2 ಮತ್ತು 4, ಎರಡರ ಕಥೆಯೂ ಮಧ್ಯಯುಗದ್ದೇ. ಹಳ್ಳಿಗರಿಂದ ಆಹಾರ, ಮರ, ಚಿನ್ನ, ಕಲ್ಲು ಸಂಗ್ರಹಿಸುವುದು, ಊರು ಕಟ್ಟುವುದು, ಸೈನ್ಯ ಬೆಳೆಸುವುದು, ಒಂದು ಯುಗದಿಂದ ಮುಂದಿನ ಯುಗಕ್ಕೆ ಏರುವುದು, ಎದುರಾಳಿಯನ್ನು ಮಣಿಸುವುದು. ಕೇಳಲು ಎರಡೂ ಒಂದೇ. ಆಡಲು ಕೂತರೆ ಒಂದೇ ಅಲ್ಲ.

ಹಳೆಯದು ಎಂದರೆ ಹಳತಾದದ್ದಲ್ಲ

ಎರಡನೇ ಭಾಗ ಬಂದದ್ದು 1999ರಲ್ಲಿ. ಅದನ್ನು ರೂಪಿಸಿದ ಎನ್ಸೆಂಬಲ್ ಸ್ಟುಡಿಯೋಸ್ 2009ರಲ್ಲಿ ಬಾಗಿಲು ಹಾಕಿತು, ಗೇಮ್ ಮಾತ್ರ ಉಳಿಯಿತು. ಈಗ ಸಿಗುವುದು 2019ರ ನವೆಂಬರ್‌ನಲ್ಲಿ ಬಂದ 'ಡೆಫಿನಿಟಿವ್ ಎಡಿಷನ್'. ಚಿತ್ರ, ಧ್ವನಿ ಎಲ್ಲ ಹೊಸದು, ಒಳಗಿನ ಹದ ಹಳೆಯದೇ. ಮೊದಲು 13 ಇದ್ದ ನಾಗರಿಕತೆಗಳು ಈಗ 40 ದಾಟಿವೆ. ಅಣ್ಣನ ಡೆಸ್ಕ್‌ಟಾಪ್‌ನಲ್ಲಿ ಸಿಡಿ ಹಾಕಿ ಆಡಿದವರಿಗೆ ಒಂದು ಸಂತೋಷದ ಸುದ್ದಿ: ಚಾಟ್‌ನಲ್ಲಿ 11 ಎಂದು ಟೈಪ್ ಮಾಡಿದರೆ ಆ ನಗು ಈಗಲೂ ಕೇಳುತ್ತದೆ.

ನಾಲ್ಕನೇ ಭಾಗವನ್ನು ರೆಲಿಕ್ ಎಂಟರ್‌ಟೇನ್‌ಮೆಂಟ್ ರೂಪಿಸಿತು, 2021ರ ಅಕ್ಟೋಬರ್ 28ರಂದು ಬಿಡುಗಡೆಯಾಯಿತು. ಆಗ ಇದ್ದದ್ದು ಎಂಟೇ ನಾಗರಿಕತೆಗಳು. ಕಡಿಮೆ ಅನ್ನಿಸಬಹುದು. ಆದರೆ ಎರಡೂ ಗೇಮ್‌ಗಳ ನಿಜವಾದ ವ್ಯತ್ಯಾಸ ಇರುವುದು ಇಲ್ಲೇ.

2ರಲ್ಲಿ ಬಹುತೇಕ ಎಲ್ಲರಿಗೂ ಒಂದೇ ಬಗೆಯ ಕಟ್ಟಡಗಳು, ಒಂದೇ ಬಗೆಯ ಬಿಲ್ಲುಗಾರರು. ಯಾರಿಗೆ ಏನು ಅಗ್ಗ, ಯಾವ ತಂತ್ರಜ್ಞಾನ ಇಲ್ಲ, ಯಾವ ವಿಶೇಷ ಸೈನಿಕ ಇದ್ದಾನೆ ಎಂಬುದರಲ್ಲಿ ವ್ಯತ್ಯಾಸ. ಒಂದು ನಾಗರಿಕತೆಯನ್ನು ಚೆನ್ನಾಗಿ ಕಲಿತರೆ ಉಳಿದವು ಅರ್ಧ ಕಲಿತಂತೆ. 4ರಲ್ಲಿ ಹಾಗಲ್ಲ. ಮಂಗೋಲರು ಕಟ್ಟಡಗಳನ್ನೇ ಮಡಚಿ ಗಾಡಿಯಲ್ಲಿ ಹೊತ್ತೊಯ್ಯುತ್ತಾರೆ. ದೆಹಲಿ ಸುಲ್ತಾನರಿಗೆ ಸಂಶೋಧನೆ ಪೂರ್ತಿ ಉಚಿತ, ಆದರೆ ಸಮಯ ವಿಪರೀತ ಹಿಡಿಯುತ್ತದೆ. ಮಸೀದಿಗಳಲ್ಲಿ ವಿದ್ವಾಂಸರನ್ನು ಕೂರಿಸಿದರೆ ವೇಗ ಹೆಚ್ಚುತ್ತದೆ. ಯುಗ ಏರುವ ಬಗೆಯೂ ಬೇರೆ. 2ರಲ್ಲಿ ಟೌನ್ ಸೆಂಟರ್‌ನಲ್ಲಿ ಒಂದು ಬಟನ್ ಒತ್ತಿ ಕಾಯಬೇಕು. 4ರಲ್ಲಿ ಸಾಮಾನ್ಯವಾಗಿ ಎರಡು ಲ್ಯಾಂಡ್‌ಮಾರ್ಕ್ ಕಟ್ಟಡಗಳಲ್ಲಿ ಒಂದನ್ನು ಆರಿಸಿ ಹಳ್ಳಿಗರಿಂದಲೇ ಕಟ್ಟಿಸಬೇಕು. ಇಂಗ್ಲಿಷರು 'ಕೌನ್ಸಿಲ್ ಹಾಲ್' ಕಟ್ಟಿದರು ಎಂದರೆ ಬಿಲ್ಲುಗಾರರ ದಂಡು ಬೇಗ ಬರಲಿದೆ ಎಂದೇ ಲೆಕ್ಕ. 4ರಲ್ಲಿ ಕಲ್ಲಿನ ಕೋಟೆಗೋಡೆಯ ಮೇಲೆ ಸೈನಿಕರನ್ನು ನಿಲ್ಲಿಸಬಹುದು, 2ರಲ್ಲಿ ಅದಿಲ್ಲ.

ಹೊಸಬರಿಗೆ ಯಾವುದು ಸುಲಭ?

ನನ್ನ ಅಭಿಪ್ರಾಯದಲ್ಲಿ 4. ಶುರುವಿನಲ್ಲೇ ಆರು ಹಳ್ಳಿಗರು ಸಿಗುತ್ತಾರೆ, 2ರಲ್ಲಿ ಸಾಮಾನ್ಯವಾಗಿ ಮೂವರು. ಕೇಳಲು ಸಣ್ಣ ವಿಷಯ. ಆದರೆ 2ರ ಮೊದಲ ಹತ್ತು ನಿಮಿಷವೆಂದರೆ ಹೊಸ ಮನೆಗೆ ಸಾಮಾನು ಇಳಿಸಿದ ದಿನವಿದ್ದಂತೆ, ಎಲ್ಲವನ್ನೂ ಒಟ್ಟಿಗೇ ನೋಡಬೇಕು. ಕುರಿ ಹುಡುಕಬೇಕು, ಕಾಡುಹಂದಿಗೆ ಬಾಣ ಬಿಟ್ಟು ಅದನ್ನು ಟೌನ್ ಸೆಂಟರ್‌ವರೆಗೆ ಓಡಿಸಿಕೊಂಡು ಬರಬೇಕು, ಅಷ್ಟರಲ್ಲಿ ಮನೆ ಕಟ್ಟುವುದು ಮರೆತರೆ ಹೊಸ ಹಳ್ಳಿಗ ಹುಟ್ಟುವುದೇ ನಿಂತಿರುತ್ತದೆ. ನನ್ನ ಮೊದಲ ಕಾಡುಹಂದಿ ಇಬ್ಬರು ಹಳ್ಳಿಗರನ್ನು ಬಲಿ ತೆಗೆದುಕೊಂಡಿತು. ಆನ್‌ಲೈನ್‌ನಲ್ಲಿ ಅಪರಿಚಿತರ ಜತೆ ಆಡಿದರೆ ಎದುರಿಗಿರುವವರು ಇದನ್ನೆಲ್ಲ ಎಷ್ಟೋ ವರ್ಷಗಳಿಂದ ಮಾಡುತ್ತಿರುವವರಾಗಿರಬಹುದು. ಮೊದಲ ಕೆಲವು ಸೋಲುಗಳಿಗೆ ಮನಸ್ಸು ಗಟ್ಟಿ ಮಾಡಿಕೊಳ್ಳಿ.

ಒಬ್ಬರೇ ಆಡುವವರ ಲೆಕ್ಕ ಬೇರೆ. 4ರ ಮೂಲ ಗೇಮ್‌ನಲ್ಲಿ ನಾರ್ಮನ್ನರು, ನೂರು ವರ್ಷಗಳ ಯುದ್ಧ, ಮಂಗೋಲರು, ಮಾಸ್ಕೋ ಹೀಗೆ ನಾಲ್ಕು ಕಥಾನಕಗಳಿವೆ. ನಡುನಡುವೆ ಇಂದಿನ ಊರುಗಳಲ್ಲೇ ಚಿತ್ರೀಕರಿಸಿದ ಸಾಕ್ಷ್ಯಚಿತ್ರದ ತುಣುಕುಗಳು ಬರುತ್ತವೆ, ಮನೆಯವರೂ ಕೂತು ನೋಡುವಂಥವು. ಸಂಖ್ಯೆಯಲ್ಲಿ ಮಾತ್ರ 2ರ ಹತ್ತಿರವೂ ಬರುವುದಿಲ್ಲ.

ನಮ್ಮ ಇತಿಹಾಸ ಎಲ್ಲಿದೆ?

ಇತಿಹಾಸದ ಆಸೆಗೇ ಗೇಮ್ ಕೊಳ್ಳುವವರು ಇದನ್ನು ಗಮನಿಸಬೇಕು. 4ರ ಮೂಲ ಗೇಮ್‌ನಲ್ಲಿ ಭಾರತದ ಪಾಲಿಗೆ ಇರುವುದು ದೆಹಲಿ ಸುಲ್ತಾನರು ಮಾತ್ರ. 1311ರಲ್ಲಿ ಮಲಿಕ್ ಕಾಫರ್ ದೋರಸಮುದ್ರಕ್ಕೆ ಮುತ್ತಿಗೆ ಹಾಕಿದ್ದು ಇದೇ ಸುಲ್ತಾನರ ಪರವಾಗಿ. ಆದರೆ ಎದುರಿಗಿದ್ದ ಹೊಯ್ಸಳರು ಆ ಪಟ್ಟಿಯಲ್ಲಿಲ್ಲ.

2ಕ್ಕೆ 2022ರ ಏಪ್ರಿಲ್‌ನಲ್ಲಿ 'ಡೈನಾಸ್ಟೀಸ್ ಆಫ್ ಇಂಡಿಯಾ' ಎಂಬ ಎಕ್ಸ್‌ಪ್ಯಾನ್ಷನ್ ಬಂತು. ಅಲ್ಲಿಯವರೆಗೆ 'ಇಂಡಿಯನ್ಸ್' ಎಂಬ ಒಂದೇ ಹೆಸರಲ್ಲಿದ್ದದ್ದು ಹಿಂದೂಸ್ತಾನಿಗಳು, ಗುರ್ಜರರು, ಬಂಗಾಳಿಗಳು, ದ್ರಾವಿಡರು ಎಂದು ನಾಲ್ಕಾಯಿತು. ದ್ರಾವಿಡರಿಗೆ ನೈಟ್ ಎಂಬ ಕುದುರೆ ಸವಾರರೇ ಇಲ್ಲ. ಬದಲಿಗೆ ಆನೆಗಳು, ಉರುಮಿ ಬೀಸುವ ಕಾಲಾಳು, ಎದುರಾಳಿಯ ಕವಚವನ್ನೇ ಲೆಕ್ಕಿಸದಂತೆ ಮಾಡುವ 'ವೂಟ್ಜ್ ಸ್ಟೀಲ್' ಇದೆ. (ವೂಟ್ಜ್ ಎಂಬ ಪದದ ಮೂಲ ಕನ್ನಡದ 'ಉಕ್ಕು' ಎಂದು ಹಲವರು ಹೇಳುತ್ತಾರೆ.) ಇವರ ಕಥಾನಕ ರಾಜೇಂದ್ರ ಚೋಳನದು. ಕಲ್ಯಾಣದ ಚಾಲುಕ್ಯರ ಜತೆ ಕಾದಾಡಿದ ಅದೇ ರಾಜೇಂದ್ರ, ಹಾಗಾಗಿ ಕನ್ನಡಿಗರು ಇಲ್ಲಿ ಎದುರು ಪಾಳಯದಿಂದ ಆಡಬೇಕು! ಚಾಲುಕ್ಯ, ಹೊಯ್ಸಳ, ವಿಜಯನಗರ ಎಂದು ಬೇರೆ ಬೇರೆ ಮಾಡುವ ಗೋಜಿಗೆ ಈ ಎಕ್ಸ್‌ಪ್ಯಾನ್ಷನ್ ಹೋಗಿಲ್ಲ ಎಂಬ ಕೊರಗು ನನಗಿದೆ. ಆದರೂ ಎರಡರಲ್ಲಿ ದಕ್ಷಿಣ ಭಾರತಕ್ಕೆ ಜಾಗ ಕೊಟ್ಟದ್ದು 2 ಮಾತ್ರ.

ಲ್ಯಾಪ್‌ಟಾಪ್ ಏನು ಹೇಳುತ್ತದೆ?

ಕೊನೆಗೆ ನಮ್ಮ ಗುಂಪಿನ ತೀರ್ಮಾನ ಮಾಡಿದ್ದು ಇದೇ. 2ಕ್ಕೆ ಕನಿಷ್ಠ 4 ಜಿಬಿ ರ‍್ಯಾಮ್ ಮತ್ತು 30 ಜಿಬಿ ಜಾಗ ಬೇಕು. 4ಕ್ಕೆ ಕನಿಷ್ಠ 8 ಜಿಬಿ ರ‍್ಯಾಮ್ ಮತ್ತು 50 ಜಿಬಿ. ಇದು ಗೇಮ್ ಓಡಲು ಬೇಕಾದದ್ದು, ಚೆನ್ನಾಗಿ ಓಡಲು ಅಲ್ಲ. ಹೈದರಾಬಾದಿನವನದು ಆಫೀಸ್ ಕೆಲಸಕ್ಕೆಂದು ಕೊಂಡ ಹಳೆ ಲ್ಯಾಪ್‌ಟಾಪ್. 4ರಲ್ಲಿ ಎರಡು ಸೈನ್ಯಗಳು ಎದುರಾದ ಕೂಡಲೇ ಅವನ ಪರದೆ ತಡವರಿಸುತ್ತಿತ್ತು, ಫ್ಯಾನ್ ಸದ್ದು ಮೈಕ್‌ನಲ್ಲಿ ನಮಗೆಲ್ಲ ಕೇಳುತ್ತಿತ್ತು. ನಾಲ್ವರೂ 2ಕ್ಕೆ ಬಂದೆವು. ನನಗೆ ಒಬ್ಬಳೇ ಆಡುವಾಗ ಈಗಲೂ 4 ಇಷ್ಟ.

ಸ್ಟೀಮ್‌ನಲ್ಲಿ ಕೊಳ್ಳುವವರು ಎರಡು ವಿಷಯ ನೋಡಿಕೊಳ್ಳಿ. ದ್ರಾವಿಡರು ಬೇಕಿದ್ದರೆ, ನೀವು ಕೊಳ್ಳುವ ಪ್ಯಾಕ್‌ನಲ್ಲಿ 'ಡೈನಾಸ್ಟೀಸ್ ಆಫ್ ಇಂಡಿಯಾ' ಸೇರಿದೆಯೇ ಎಂದು ಮೊದಲೇ ಪರೀಕ್ಷಿಸಿ. ಎರಡನೆಯದು ಮರುಪಾವತಿ: ಕೊಂಡ 14 ದಿನದೊಳಗೆ, ಒಟ್ಟು ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ವಾಪಸ್ ಕೇಳಬಹುದು. ಆ ಎರಡು ಗಂಟೆಯನ್ನು ಟ್ಯುಟೋರಿಯಲ್‌ನಲ್ಲಿ ಕಳೆಯಬೇಡಿ. ಕಂಪ್ಯೂಟರ್ ಎದುರಾಳಿಗಳನ್ನು ಹಾಕಿಕೊಂಡು ಒಂದು ದೊಡ್ಡ ಪಂದ್ಯ ಆಡಿ, ಸೈನ್ಯ ತುಂಬಿದಾಗ ಲ್ಯಾಪ್‌ಟಾಪ್ ಹೇಗೆ ನಡೆದುಕೊಳ್ಳುತ್ತದೆ ನೋಡಿ.