ಬಾವುಟಗುಡ್ಡೆಯ ಕಡತಗಳು

ಮಂಗಳೂರಿನ ಬಾವುಟಗುಡ್ಡೆಯ ಮೇಲಣ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲನ್ನು ಹೊಕ್ಕವರ ದೃಷ್ಟಿಯೆಲ್ಲ ಅದರ ಗೋಡೆ ಛಾವಣಿಗಳಲ್ಲಿ ತುಂಬಿರುವ ವರ್ಣಚಿತ್ರಗಳ ಮೇಲೆಯೇ ನೆಡುವುದು ಸಹಜ. ಇಟಲಿಯ ಬೆರ್ಗಮೊ ಸೀಮೆಯಲ್ಲಿ ಹುಟ್ಟಿ, ಯೇಸುಸಭೆಯ ಸಹೋದರನಾಗಿ 1899ರಲ್ಲಿ ಇಲ್ಲಿಗೆ ಬಂದ ಆಂತೋನಿಯೊ ಮೊಸ್ಕೇನಿಯ ಆ ಚಿತ್ರಗಳು ಕರಾವಳಿಯ ತೇವಕ್ಕೆ ಸಿಕ್ಕಿ ಮಸುಳಿದಾಗ, 1990ರ ದಶಕದಲ್ಲಿ ಇಂಟ್ಯಾಕ್ ಸಂಸ್ಥೆಯ ತಜ್ಞರು ಅವನ್ನು ಜೀರ್ಣೋದ್ಧಾರಗೊಳಿಸಿದರು. ಆದರೆ ಅದೇ ತೇವ ಅದೇ ವೇಗದಿಂದ ಸವೆಸುವ ಇನ್ನೊಂದು ಸಂಪತ್ತು ಇಂಥ ವಿದ್ಯಾಲಯಗಳಲ್ಲಿ ಉಂಟು. ಅದನ್ನು ನೋಡಲು ಯಾತ್ರಿಕರು ಬರುವುದಿಲ್ಲ. ದಿನಚರಿಗಳು, ದಾಖಲಾತಿ ರಿಜಿಸ್ಟರುಗಳು, ಲೆಕ್ಕದ ಪುಸ್ತಕಗಳು, ರೋಮಿಗೆ ಬರೆದ ಪತ್ರಗಳ ಪ್ರತಿಗಳು ಎಂಬ ಈ ಕಾಗದರಾಶಿಯ ಪರಿಚಯವೇ ಈ ಲೇಖನದ ಉದ್ದೇಶ.

ಪೋಪ್ 13ನೆಯ ಲಿಯೋ ಅವರು ಮಂಗಳೂರಿನ ಮಿಷನ್ನನ್ನು ಯೇಸುಸಭೆಗೆ ವಹಿಸಿಕೊಟ್ಟ ಮೇಲೆ ಯೂರೋಪಿನ ಪಾದ್ರಿಗಳ ಮೊದಲ ತಂಡ 1878ರ ಡಿಸೆಂಬರ್ 31ರಂದು ಇಲ್ಲಿಗೆ ತಲಪಿತು. 1880ರ ಜನವರಿಯಲ್ಲಿ ಕಾಲೇಜು ಆರಂಭವಾಯಿತು. ಈ ಸಭೆಯವರು ಬರವಣಿಗೆಯ ಒಂದು ದೃಢವಾದ ಶಿಸ್ತನ್ನು ತಮ್ಮೊಂದಿಗೆ ತಂದಿದ್ದರು.

ಆ ಶಿಸ್ತಿನ ಮೂಲ ಸಭೆಯ ಸ್ಥಾಪಕರಾದ ಇಗ್ನೇಷಿಯಸ್ ಲೊಯೋಲಾ ಅವರಲ್ಲಿಯೇ ಇದೆ. 1542ರಲ್ಲಿ ಅವರು ತಮ್ಮ ಸಂಗಾತಿ ಪೀಟರ್ ಫೇಬರ್ ಅವರಿಗೆ ಬರೆಯುತ್ತ, ಮುಖ್ಯಪತ್ರವನ್ನು ಯಾರಿಗೆ ಬೇಕಾದರೂ ತೋರಿಸಬಹುದಾದಂತೆ ತಿದ್ದಿ ತೀಡಿ ಬರೆಯಬೇಕೆಂದೂ, ಆಪ್ತವಾದ ವಿಷಯಗಳನ್ನು ಬೇರೆ ಹಾಳೆಯಲ್ಲಿ ಬರೆದು ಜೊತೆಗಿಡಬೇಕೆಂದೂ ವಿಧಿಸಿದರು. ಪೂರ್ವದೇಶಗಳಿಂದ ಹೊರಟ ಕಾಗದಗಳಿಗೆ ನೌಕಾಭಂಗದ ಭಯವಿದ್ದುದರಿಂದ ಒಂದೇ ಪತ್ರದ ಎರಡು ಮೂರು ಪ್ರತಿಗಳನ್ನು ಬೇರೆ ಬೇರೆ ಹಡಗುಗಳಲ್ಲಿ ಕಳುಹಿಸುವ ವಾಡಿಕೆ ಬೆಳೆಯಿತು. ಪ್ರತಿಯೊಂದು ಮನೆಯೂ ತನ್ನ ದಿನಚರಿಯನ್ನಿಡಬೇಕು, ವರ್ಷಾಂತ್ಯದಲ್ಲಿ ವಾರ್ಷಿಕ ಪತ್ರವನ್ನು ಬರೆಯಬೇಕು, ಯಾವ ಮನೆಯಲ್ಲಿ ಯಾರು ಯಾವ ಕೆಲಸದಲ್ಲಿದ್ದಾರೆಂಬ ಪಟ್ಟಿಯನ್ನು ಸಿದ್ಧಪಡಿಸಬೇಕು. 17ನೆಯ ಶತಮಾನದ ಮಧ್ಯದಲ್ಲಿ ಮೈಸೂರು ಸೀಮೆಗೆ ಬಂದು ಕನ್ನಡ ವ್ಯಾಕರಣವನ್ನೂ ರಚಿಸಿದ ಲಿಯೊನಾರ್ದೊ ಚಿನ್ನಾಮಿ ಎಂಬ ಪಾದ್ರಿಯ ಕೆಲಸಕಾರ್ಯಗಳನ್ನು ನಾವಿಂದು ಅರಿಯಬಲ್ಲೆವಾದರೆ, ಅದು ಅಂದಿನವರು ಈ ನಿಯಮವನ್ನು ಬಿಡದೆ ಪಾಲಿಸಿದ್ದರ ಫಲ.

1773ರಲ್ಲಿ ಪೋಪರ ಆಜ್ಞೆಯಿಂದ ಈ ಸಭೆಯೇ ರದ್ದಾಗಿ, 1814ರಲ್ಲಿ ಪುನಃ ಸ್ಥಾಪಿತವಾಗುವ ನಡುವೆ ಎಷ್ಟೋ ಮನೆಗಳ ಕಾಗದಪತ್ರಗಳು ಚೆದರಿಹೋದವು. ಕಳೆದುಕೊಂಡವರಿಗೆ ಕಾಗದದ ಬೆಲೆ ಗೊತ್ತು. 1894ರಲ್ಲಿ ಮಾದ್ರಿದಿನಲ್ಲಿ ಸಭೆಯ ಮೂಲಪತ್ರಗಳನ್ನು ಶೋಧಿಸಿ ಅಚ್ಚುಹಾಕಿಸುವ ಬೃಹತ್ಕಾರ್ಯ ಮೊದಲಾಯಿತು. ಆ ಮಾಲೆಯಲ್ಲಿ ಭಾರತಕ್ಕೆ ಸಂಬಂಧಿಸಿದ ಪತ್ರಗಳೇ 18 ಸಂಪುಟಗಳನ್ನು ತುಂಬಿವೆ. ಅವುಗಳ ಸಂಪಾದನೆಯಲ್ಲಿ ಯೋಸೆಫ್ ವಿಕಿ ಎಂಬ ವಿದ್ವಾಂಸರು ಸುಮಾರು ನಾಲ್ಕು ದಶಕಗಳನ್ನು ಸವೆಸಿದರು.

ರೋಮಿಗೆ ಹೋದ ಪತ್ರಕ್ಕೆ ಹೀಗೆ ಕಾವಲುಗಾರರಿದ್ದಾರೆ. ಊರಿನಲ್ಲಿಯೇ ಉಳಿದ ಕಾಗದದ ಗತಿಯೇನು? ನನ್ನ ಮನಸ್ಸು ಹೆಚ್ಚಾಗಿ ತೊಡಗುವುದು ಇಲ್ಲಿ. ಹಳೆಯ ಶಾಲಾ ಕಾಲೇಜುಗಳ ದಾಖಲಾತಿ ರಿಜಿಸ್ಟರನ್ನೇ ತೆಗೆದುಕೊಳ್ಳಿ: ಕ್ರಮಸಂಖ್ಯೆ, ಹುಡುಗನ ಹೆಸರು, ಹುಟ್ಟಿದ ದಿನ, ತಂದೆಯ ಉದ್ಯೋಗ, ಜಾತಿಮತ, ಹಿಂದೆ ಓದಿದ ಶಾಲೆ, ಬಿಟ್ಟ ದಿನ, ಬಿಟ್ಟ ಕಾರಣ. ಬರೆದ ಗುಮಾಸ್ತನಿಗೆ ತಾನು ಚರಿತ್ರೆ ಬರೆಯುತ್ತಿದ್ದೇನೆಂಬ ಭಾವನೆಯಿರಲಿಲ್ಲ. ಆ ಕಾರಣದಿಂದಲೇ ಅವನ ಸಾಕ್ಷ್ಯ ನಂಬತಕ್ಕದ್ದು. ವಾರ್ಷಿಕ ಪತ್ರದಲ್ಲಿ ಮೇಲಧಿಕಾರಿಗಳಿಗೆ ರುಚಿಸುವಂತೆ ಬರೆಯುವ ಒಲವು ನುಸುಳುವುದುಂಟು. ರಿಜಿಸ್ಟರಿನ ಕಂಬಸಾಲಿನಲ್ಲಿ ಅದಕ್ಕೆ ಎಡೆಯಿಲ್ಲ. ಇಂಗ್ಲಿಷ್ ವಿದ್ಯೆಯನ್ನು ಯಾವ ಮನೆತನಗಳು ಮೊದಲು ಬಯಸಿದುವು, ಗೇಣಿದಾರನ ಮಗ ಎಷ್ಟು ವರ್ಷಗಳ ಅನಂತರ ಕಾಲೇಜಿನ ಮೆಟ್ಟಿಲೇರಿದನು, ಯಾರು ಅರ್ಧದಲ್ಲಿಯೇ ಓದು ಬಿಟ್ಟು ಹೋದರು ಎಂಬ ಪ್ರಶ್ನೆಗಳಿಗೆ ಉತ್ತರ ಈ ಸಾಲುಗಳಲ್ಲಿಯೇ ಇರುತ್ತದೆ.

ಆದರೆ ಪಡುವಣ ಕರಾವಳಿಯ ಹವೆ ಕಾಗದಕ್ಕೆ ಹಿತವಾದುದಲ್ಲ. ಜೂನಿನಿಂದ ನಾಲ್ಕು ತಿಂಗಳು ಬಿಡದೆ ಸುರಿವ ಮಳೆಯಲ್ಲಿ ರಟ್ಟಿಗೆ ಬೂಷ್ಟು ಹಿಡಿಯುತ್ತದೆ, ಹೊಲಿಗೆಯ ದಾರ ಕೊಳೆಯುತ್ತದೆ, ಗೋಡೆಗೊತ್ತಿದ ಕಪಾಟಿನ ಹಿಂಬದಿಯಿಂದ ಗೆದ್ದಲು ಏರುತ್ತದೆ. ಇವೆಲ್ಲ ಹೊರಗಣ ಶತ್ರುಗಳು; ಒಳಗಣ ಶತ್ರುವೂ ಒಂದುಂಟು. ಮಾಚಿಕಾಯಿಯ ಕಷಾಯಕ್ಕೆ ಅನ್ನಭೇದಿಯನ್ನು ಬೆರೆಸಿ ಮಾಡುತ್ತಿದ್ದ ಹಳೆಯ ಶಾಯಿ ಬರೆದಾಗ ಕಪ್ಪಾಗಿ ನಿಂತರೂ ಕಾಲಕ್ರಮದಲ್ಲಿ ಕಂದಿ, ತನ್ನಲ್ಲಿರುವ ಆಮ್ಲದಿಂದ ಕಾಗದವನ್ನೇ ಸುಡುತ್ತದೆ. ಅಂಥ ಹಾಳೆಯನ್ನು ಬೆಳಕಿಗೆ ಹಿಡಿದರೆ, ಲೇಖಣಿಯನ್ನು ಒತ್ತಿ ಬರೆದೆಡೆಯಲ್ಲೆಲ್ಲ ಅಕ್ಷರದ ಆಕಾರದ ಸೀಳು ಕಾಣುತ್ತದೆ. ಬರೆದವನ ಕೈ ಎಲ್ಲಿ ಭಾರವಾಗಿತ್ತೋ ಅಲ್ಲಿಯೇ ಅವನ ಮಾತು ಉದುರಿಹೋಗಿರುತ್ತದೆ.

ಇದಕ್ಕೆ ಚಿಕಿತ್ಸೆಯುಂಟು, ಆದರೆ ಅವಸರದ್ದಲ್ಲ. ಮೃದುವಾದ ಕುಂಚದಿಂದ ಧೂಳನ್ನು ತೆಗೆದು, ತುಕ್ಕು ಹಿಡಿದ ಗುಂಡುಸೂಜಿಗಳನ್ನು ಕಾಗದ ಹರಿಯದಂತೆ ಬಿಡಿಸಿ, ಸೀಳಿದೆಡೆಗೆ ಜಪಾನಿನ ತೆಳುಕಾಗದವನ್ನು ಗೋಧಿಯ ಪಿಷ್ಟದ ಅಂಟಿನಿಂದ ಕೂಡಿಸಿ, ಆಮ್ಲರಹಿತವಾದ ಪೆಟ್ಟಿಗೆಯಲ್ಲಿ ಮಲಗಿಸಬೇಕು. ಸದುದ್ದೇಶದಿಂದ ಹಚ್ಚಿದ ಸೆಲೋಟೇಪು ಗೆದ್ದಲಿನಷ್ಟೇ ಹಾನಿ ಮಾಡುತ್ತದೆ. ಅದರ ಅಂಟು ಹಳದಿಗಟ್ಟಿ ಕಾಗದದೊಳಕ್ಕೆ ಇಳಿದರೆ ತೆಗೆಯುವುದು ಬಲುಕಷ್ಟ. ಛಾಯಾಪ್ರತಿಗಳನ್ನು ತೆಗೆದು ಗಣಕಯಂತ್ರದಲ್ಲಿಡುವುದು ಅಗತ್ಯವೇ. ಆದರೆ ಯಾವ ಕಡತದಲ್ಲಿ ಏನಿದೆಯೆಂದು ತಿಳಿಸುವ ಸೂಚಿ ಇಲ್ಲದಿದ್ದರೆ ಆ ಪ್ರತಿಗಳೂ ಕತ್ತಲೆಕೋಣೆಯ ಇನ್ನೊಂದು ರಾಶಿಯಾದಾವು.

ಸೂಚಿ ಮಾಡುವವನಿಗೆ ಬೇಕಾದ ಸಿದ್ಧತೆಯಾದರೂ ಸಾಮಾನ್ಯವಲ್ಲ. ಇಂಥ ಮಿಷನ್ನಿನ ಬರಹಗಳಲ್ಲಿ ಲ್ಯಾಟಿನ್, ಇಟಾಲಿಯನ್, ಇಂಗ್ಲಿಷ್, ಕನ್ನಡ ಲಿಪಿಯ ಕೊಂಕಣಿ ಇವೆಲ್ಲ ಬೆರೆತಿರುತ್ತವೆ. ಯೇಸುಸಭೆಯ ಆಂಜೆಲೊ ಮಾಫೆಯಿ ಪಾದ್ರಿಗಳ ಕೊಂಕಣಿ ವ್ಯಾಕರಣ 1882ರಲ್ಲಿ ಪ್ರಕಟವಾದದ್ದು ಪ್ರಾಟೆಸ್ಟೆಂಟರ ಬಾಸೆಲ್ ಮಿಷನ್ನಿನಿಂದ ಎಂಬುದನ್ನು ನೆನೆದರೆ, ಒಂದು ಸಭೆಯ ಚರಿತ್ರೆಯನ್ನು ಬರೆಯಹೊರಟವನು ಇನ್ನೊಂದರ ಕಡತಗಳನ್ನೂ ತೆರೆಯಬೇಕಾದೀತೆಂಬುದು ಸ್ಪಷ್ಟ. ವ್ಯಾಟಿಕನ್ನಿನ ಆಯೋಗವೊಂದು 1997ರಲ್ಲಿ ಹೊರಡಿಸಿದ ಸುತ್ತೋಲೆ ಧರ್ಮಸಭೆಯ ದಫ್ತರಗಳ ರಕ್ಷಣೆಯನ್ನು ಧಾರ್ಮಿಕ ಕರ್ತವ್ಯದ ಭಾಗವೆಂದೇ ಪರಿಗಣಿಸಿದೆ. ಆ ಕರ್ತವ್ಯದಲ್ಲಿ ಹಳೆಯ ವಿದ್ಯಾರ್ಥಿಗಳಿಗೂ ಪಾಲುಂಟು: ಅಜ್ಜನ ಕಾಲದ ಕಾಲೇಜು ಪತ್ರಿಕೆ, ತರಗತಿಯ ಗುಂಪುಚಿತ್ರ, ಬಹುಮಾನವಾಗಿ ಬಂದ ಪುಸ್ತಕದ ಮೇಲಣ ಹಸ್ತಾಕ್ಷರ ಇವು ಅಟ್ಟದ ಮೇಲಿದ್ದರೆ, ರದ್ದಿಯವನನ್ನು ಕರೆಯುವ ಮುನ್ನ ಕಾಲೇಜಿಗೊಂದು ಮಾತು ತಿಳಿಸಬೇಕು, ಚಿತ್ರದಲ್ಲಿರುವವರ ಹೆಸರುಗಳನ್ನು ಬಲ್ಲ ಹಿರಿಯರು ಮನೆಯಲ್ಲಿರುವಾಗಲೇ ಅವನ್ನು ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದಿಡಬೇಕು.