ಶಂಖಪುಷ್ಪದ ಬೀಜ ಹುಟ್ತಿಲ್ವಾ? ಬಿಸಾಡೋ ಮುಂಚೆ ಉಜ್ಜಿ ನೋಡಿ

ಬನಶಂಕರಿಯ ನಮ್ಮ ತಾರಸಿಯಲ್ಲಿ ಮೊದಲ ಸಲ ಶಂಖಪುಷ್ಪದ 20 ಬೀಜ ಹಾಕಿದ್ದೆ. ಮೂರು ವಾರ ಕಾದರೂ ಹುಟ್ಟಿದ್ದು ನಾಲ್ಕೇ. ತಪ್ಪು ಬೀಜದ್ದಲ್ಲ, ನನ್ನದು. ಇದರ ಸಿಪ್ಪೆ ತುಂಬಾ ಗಟ್ಟಿ, ನೀರು ಸುಲಭಕ್ಕೆ ಒಳಗಿಳಿಯಲ್ಲ.

ಈಗ ಹೀಗೆ ಮಾಡ್ತೀನಿ. ಸ್ಯಾಂಡ್ ಪೇಪರ್‌ನಲ್ಲಿ ಬೀಜದ ಒಂದು ಬದಿ ಸ್ವಲ್ಪ ಉಜ್ಜಿ, ರಾತ್ರಿ ನೆನೆಹಾಕೋದು. ಬೆಳಗ್ಗೆ ಉಬ್ಬಿದ್ದನ್ನು ಅರ್ಧ ಇಂಚು ಆಳಕ್ಕೆ ಬಿತ್ತಿ. ಉಬ್ಬದಿದ್ದನ್ನು ಮತ್ತೆ ಉಜ್ಜಿ ನೆನೆಸಿ. ಒಂದೆರಡು ವಾರದಲ್ಲಿ ಮೊಳಕೆ ಬರುತ್ತೆ. ಡಿಸೆಂಬರ್ ಚಳಿಯಲ್ಲಿ ಮಾತ್ರ ನಿಧಾನ.

ದಿನಕ್ಕೆ ಆರು ಗಂಟೆ ಬಿಸಿಲು, ಹಬ್ಬೋಕೆ ಬೇಲಿ ಅಥವಾ ದಾರ ಬೇಕು. ಇದು ಅವರೆ, ತೊಗರಿ ಕುಟುಂಬದ ಬಳ್ಳಿ. ಬೇರಿನ ಗಂಟುಗಳಲ್ಲಿರೋ ಬ್ಯಾಕ್ಟೀರಿಯಾ ಗಾಳಿಯ ಸಾರಜನಕ ಹಿಡಿದುಕೊಡುತ್ತೆ. ಯೂರಿಯಾ ಸುರಿದರೆ ಎಲೆ ಜಾಸ್ತಿ, ಹೂ ಕಮ್ಮಿ. ಹಿಡಿ ಕಾಂಪೋಸ್ಟ್ ಸಾಕು.

ಸುಮಾರು ಎರಡು ತಿಂಗಳಿಗೆ ಹೂ ಶುರು. ಬೆಳಗ್ಗೆ ಬಿಡಿಸಿ ನೆರಳಲ್ಲಿ ಒಣಗಿಸಿದರೆ ನೀಲಿ ಟೀಗೆ ಆಗುತ್ತೆ. ನಿಂಬೆ ಹಿಂಡಿದರೆ ಬಣ್ಣ ನೇರಳೆಗೆ ತಿರುಗುತ್ತೆ. ಬೀಜ ಮಾತ್ರ ತಿನ್ನಬೇಡಿ, ಭೇದಿ ಆಗುತ್ತೆ.

ಕಾಯಿ ಒಣಗಿ ಕಂದು ಬಣ್ಣಕ್ಕೆ ಬಂದ ಕೂಡಲೇ ಕೀಳಿ. ತಡ ಮಾಡಿದರೆ ಸಿಡಿದು ಬೀಜ ಚೆಲ್ಲಿಹೋಗುತ್ತೆ. ಮುಂದಿನ ವರ್ಷ ಪ್ಯಾಕೆಟ್‌ಗೆ ದುಡ್ಡು ಕೊಡೋದು ತಪ್ಪಿಸೋದು ಅದೇ ಬೀಜ.