ಅಂಧರ ಭರತನಾಟ್ಯ: ಮುಟ್ಟಿ ಕಲಿಯುವ ವಿದ್ಯೆ

ಬೆಂಗಳೂರಿನಲ್ಲಿ ದೃಷ್ಟಿ ಇಲ್ಲದವರಿಗೆ ಭರತನಾಟ್ಯವನ್ನು ಕ್ರಮವಾಗಿ ಕಲಿಸಿ ವೇದಿಕೆಗೆ ತಂದ ಸಂಸ್ಥೆಗಳಲ್ಲಿ ಜೆ.ಪಿ. ನಗರದ ಶ್ರೀ ರಮಣ ಮಹರ್ಷಿ ಅಂಧರ ಅಕಾಡೆಮಿಯ ಹೆಸರು ಮೊದಲು ಬರುತ್ತದೆ. ಟಿ.ವಿ. ಶ್ರೀನಿವಾಸನ್ 1969ರಲ್ಲಿ ಕಟ್ಟಿದ ಈ ಅಕಾಡೆಮಿ ಮೂಲತಃ ಶಾಲೆ. ನೃತ್ಯ ಆಮೇಲೆ ಸೇರಿತು. ನಾಟ್ಯಗುರು ಅಶೋಕ್ ಕುಮಾರ್ ಇಲ್ಲಿನ ವಿದ್ಯಾರ್ಥಿಗಳಿಗೆ ಅಡವುಗಳಿಂದ (ಮೂಲ ಹೆಜ್ಜೆಗಳಿಂದ) ಹಿಡಿದು ಪೂರ್ಣ ಪ್ರಮಾಣದ ಕಾರ್ಯಕ್ರಮದವರೆಗೆ ಕಲಿಸಿದರು. ಮಹಾಂತೇಶ್ ಜಿ. ಕಿವಡಸಣ್ಣವರ ಮತ್ತು ಅವರ ಗೆಳೆಯ ಎಸ್.ಪಿ. ನಾಗೇಶ್ ಅಂಗವಿಕಲರಿಗಾಗಿ 1997ರಲ್ಲಿ ಆರಂಭಿಸಿದ ಸಮರ್ಥನಂ ಟ್ರಸ್ಟ್ ಎಚ್‌ಎಸ್‌ಆರ್ ಬಡಾವಣೆಯಲ್ಲಿದೆ. ಅದರ ‘ಸುನಾದ’ ತಂಡದ ಕಲಾವಿದರು ಹಾಡು, ನೃತ್ಯಗಳೊಂದಿಗೆ ವಿದೇಶ ಪ್ರವಾಸವನ್ನೂ ಮಾಡಿದ್ದಾರೆ.

ಅಂಧ ಸಂಗೀತಗಾರರು ಕನ್ನಡಿಗರಿಗೆ ಹೊಸಬರಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರ ಗವಾಯಿಗಳು (1892–1944), ಅವರ ನಂತರ ಪುಟ್ಟರಾಜ ಗವಾಯಿಗಳು (1914–2010) ತಲೆಮಾರುಗಟ್ಟಲೆ ಅಂಧ ಮಕ್ಕಳಿಗೆ ಅನ್ನ, ವಿದ್ಯೆ ಎರಡನ್ನೂ ಕೊಟ್ಟರು. ಹಾಡು ಕಿವಿಯ ವಿದ್ಯೆ, ಕಣ್ಣಿಲ್ಲದಿದ್ದರೂ ಕೈಗೆಟಕುತ್ತದೆ ಎಂದು ಸಮಾಜ ಒಪ್ಪಿಕೊಂಡಿತು. ನೃತ್ಯದ ವಿಷಯದಲ್ಲಿ ಆ ಒಪ್ಪಿಗೆ ಅಷ್ಟು ಸಲೀಸಾಗಿ ಸಿಗಲಿಲ್ಲ. ಅದಕ್ಕೆ ಕಾರಣವೂ ಇದೆ. ಕೈ ಹೋದತ್ತ ಕಣ್ಣು ಹೋಗಬೇಕೆಂಬುದು ಅಭಿನಯದ ಮೊದಲ ಪಾಠ. ಶಾಸ್ತ್ರಗ್ರಂಥ ‘ಅಭಿನಯ ದರ್ಪಣ’ ಎಂಟು ಬಗೆಯ ದೃಷ್ಟಿಗಳನ್ನು ಹೇಳಿದರೆ, ‘ನಾಟ್ಯಶಾಸ್ತ್ರ’ದ ಲೆಕ್ಕ 36ಕ್ಕೆ ಏರುತ್ತದೆ. ಕಣ್ಣಿಗೇ ಇಷ್ಟು ಕೆಲಸವಿರುವ ಕಲೆಯನ್ನು ಕಣ್ಣಿಲ್ಲದವರು ಕಲಿಯುವುದು ಹೇಗೆ?

ಕಲಿಕೆ ಶುರುವಾಗುವುದು ಸ್ಪರ್ಶದಿಂದ. ಅರೆಮಂಡಿಯಲ್ಲಿ (ಮಂಡಿಗಳನ್ನು ಹೊರಕ್ಕೆ ಬಾಗಿಸಿದ ಭಂಗಿಯಲ್ಲಿ) ಕೂತ ಗುರುವಿನ ಮಂಡಿ ಎಷ್ಟು ಅಗಲಿದೆ, ಹಿಮ್ಮಡಿಗಳ ನಡುವೆ ಎಷ್ಟು ಜಾಗವಿದೆ, ಬೆನ್ನು ನೆಟ್ಟಗಿದೆಯೇ ಎಂಬುದನ್ನು ಶಿಷ್ಯ ಕೈಯಿಂದ ತಡವಿ ತಿಳಿಯುತ್ತಾನೆ. ಆಮೇಲೆ ಸರದಿ ಗುರುವಿನದು: ಶಿಷ್ಯನ ಹಿಂದೆ ನಿಂತು ಭುಜ ಎತ್ತರಿಸಿ, ಮೊಣಕೈ ಸರಿಪಡಿಸಿ, ಬೆರಳುಗಳನ್ನು ಒಂದೊಂದಾಗಿ ಮಡಿಸಿ ಪತಾಕವೋ ಕರ್ತರೀಮುಖವೋ ಹಸ್ತಮುದ್ರೆಯನ್ನು ಕೂರಿಸಬೇಕು. ಕಣ್ಣಿರುವ ಹತ್ತು ಮಂದಿಗೆ ಒಮ್ಮೆಲೇ ಮಾಡಿ ತೋರಿಸುವುದನ್ನು ಇಲ್ಲಿ ಒಬ್ಬೊಬ್ಬರಿಗೂ ಬೇರೆಯಾಗಿ ಹೇಳಿಕೊಡಬೇಕು. ಆದ್ದರಿಂದ ಒಂದು ಅಡವು ಕೂರಲು ದಿನಗಳು ಹಿಡಿಯುತ್ತವೆ. ಲಯದ ಪಾಠ ಮಾತ್ರ ಸುಲಭ: ಸೊಲ್ಲುಕಟ್ಟು (ತಾಳಕ್ಕೆ ಹೇಳುವ ಅಕ್ಷರಗಳು) ಬಾಯಿಗೆ ಬಂದರೆ ಕಾಲು ತಾನಾಗಿ ಹಿಂಬಾಲಿಸುತ್ತದೆ. ಕಂಡುಕೊಂಡು ತಿದ್ದಿಕೊಳ್ಳಲು ಕನ್ನಡಿಯಿಲ್ಲದ ಈ ತರಗತಿಯಲ್ಲಿ ತಪ್ಪು ಹೆಜ್ಜೆಯನ್ನು ಹಿಡಿದುಕೊಡುವುದು ನೆಲದ ಮೇಲಿನ ಸದ್ದು.

ಕಷ್ಟವಿರುವುದು ಮುಖದಲ್ಲಿ. 2004ರ ಅಥೆನ್ಸ್ ಪ್ಯಾರಾಲಿಂಪಿಕ್ಸ್‌ನ ಅಂಧ ಜೂಡೋ ಪಟುಗಳ ಛಾಯಾಚಿತ್ರಗಳನ್ನು ಮನೋವಿಜ್ಞಾನಿಗಳಾದ ಮಾಟ್ಸುಮೊಟೊ ಮತ್ತು ವಿಲ್ಲಿಂಗ್‌ಹ್ಯಾಮ್ ಪರಿಶೀಲಿಸಿ 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ಹುಟ್ಟಿನಿಂದ ಕಣ್ಣಿಲ್ಲದವರ ಮುಖದಲ್ಲೂ ಗೆಲುವಿನ ನಗು, ಸೋಲಿನ ಬೇಸರ ಕಣ್ಣಿದ್ದವರ ಮುಖದಲ್ಲಿ ಮೂಡುವಂತೆಯೇ ಮೂಡಿದ್ದವು. ಅಂದರೆ ಭಾವ ಮುಖಕ್ಕೆ ಬರಲು ಇನ್ನೊಬ್ಬರನ್ನು ನೋಡಿರಬೇಕಾಗಿಲ್ಲ. ಆದರೆ ನಾಟ್ಯ ಕೇಳುವುದು ಆ ಸಹಜ ನಗುವನ್ನಲ್ಲ; ಕಡೆಯ ಸಾಲಿನವರಿಗೂ ಕಾಣುವಂತೆ ಹಿಗ್ಗಿಸಿದ, ಶಾಸ್ತ್ರಕ್ಕೆ ಒಗ್ಗಿಸಿದ ನಗುವನ್ನು. ಹುಬ್ಬು ಎಷ್ಟು ಏರಬೇಕು, ಕೆನ್ನೆ ಎಷ್ಟು ಹಿಗ್ಗಬೇಕು ಎಂಬುದನ್ನೂ ಬೆರಳಿಟ್ಟೇ ಕಲಿಸಬೇಕಾಗುತ್ತದೆ. ನವಿಲಿನ ನಡಿಗೆ, ಜಿಂಕೆಯ ಬೆದರು ಎಂದೂ ಕಾಣದವರಿಗೆ ಕಥೆಯಾಗಿ, ಮೈಚಲನೆಯಾಗಿ ತಿಳಿಯಬೇಕು. ಬೆಳೆದ ಮೇಲೆ ಕಣ್ಣು ಕಳೆದುಕೊಂಡವರಿಗೆ ಈ ತೊಡಕು ಕಡಿಮೆ. ನೆನಪು ನೆರವಿಗೆ ಬರುತ್ತದೆ. ಕಣ್ಣು ಚಲಿಸದ ಕಡೆ ಕತ್ತಿನ ತಿರುವು, ಗಲ್ಲದ ಕೋನ ದೃಷ್ಟಿಯ ಕೆಲಸವನ್ನು ಮಾಡುತ್ತವೆ.

ವೇದಿಕೆಯ ಮೇಲೆ ದಿಕ್ಕು ತಪ್ಪದಿರುವುದು ಇನ್ನೊಂದು ಪಾಠ. ಭ್ರಮರಿ ಸುತ್ತಿದ ಮೇಲೆ ಪ್ರೇಕ್ಷಕರು ಯಾವ ಕಡೆ ಎಂದು ತಿಳಿಯಲು ನಟುವಾಂಗದ (ಗುರು ಬಾರಿಸುವ ತಾಳದ) ಸದ್ದು, ಧ್ವನಿವರ್ಧಕದ ಸದ್ದು ಆಧಾರ. ಗುಂಪು ನೃತ್ಯದಲ್ಲಿ ಪಕ್ಕದವರ ಗೆಜ್ಜೆ ಅಂತರ ತಿಳಿಸುತ್ತದೆ. ಕ್ಯೂಬಾದ ಬ್ಯಾಲೆ ಕಲಾವಿದೆ ಅಲಿಸಿಯಾ ಅಲೊನ್ಸೊ (1920–2019) ಹರೆಯದಲ್ಲೇ ಅಕ್ಷಿಪಟಲ ಕಳಚಿ ದೃಷ್ಟಿ ಬಹುಪಾಲು ಕಳೆದುಕೊಂಡರೂ, ವೇದಿಕೆಯ ಪ್ರಖರ ದೀಪಗಳನ್ನು ಗುರುತಾಗಿಟ್ಟುಕೊಂಡು ದಶಕಗಳ ಕಾಲ ಕುಣಿದರು. ಬ್ರೆಜಿಲ್‌ನ ಸಾವೊ ಪೌಲೊದಲ್ಲಿ ಫರ್ನಾಂಡಾ ಬಿಯಾಂಕಿನಿ 1995ರಿಂದ ಅಂಧರಿಗೆ ಬ್ಯಾಲೆ ಕಲಿಸುತ್ತಿರುವುದೂ ಸ್ಪರ್ಶದ ಮೂಲಕವೇ.

ಇನ್ನು ಕಲಿಯುವ ಜಾಗಕ್ಕೆ ತಲುಪುವ ಮಾತು: ಬೆಂಗಳೂರಿನ ಕಲ್ಯಾಣ ನಗರದಂಥ ಪೂರ್ವ ಬಡಾವಣೆಗಳವರಿಗೆ ಜೆ.ಪಿ. ನಗರ, ಎಚ್‌ಎಸ್‌ಆರ್ ಎರಡೂ ಹೊರವರ್ತುಲ ರಸ್ತೆಯ ಆ ತುದಿ. 500-ಡಿ ಬಸ್ಸು ಟಿನ್ ಫ್ಯಾಕ್ಟರಿ, ಮಾರತಹಳ್ಳಿ ಹಾದು ಸಿಲ್ಕ್ ಬೋರ್ಡ್ ಮುಟ್ಟಿಸುತ್ತದೆ. ಅಂಧರಿಗೆ ಪಾಸ್ ಉಚಿತ. ಆದರೆ ಮೆಟ್ರೊ ಕಾಮಗಾರಿಗೆ ಅಗೆದ ಪಾದಚಾರಿ ಮಾರ್ಗದಲ್ಲಿ ಬಿಳಿ ಕೋಲು ಹಿಡಿದು ನಿಲ್ದಾಣಕ್ಕೆ ನಡೆಯುವುದೇ ನೃತ್ಯಕ್ಕಿಂತ ಕಠಿಣ. ಹಾಗೆ ನೋಡಿದರೆ ಅಷ್ಟು ದೂರ ಹೋಗಬೇಕಾದ ಅಗತ್ಯವೂ ಇರಬಾರದು. ಹಲಸೂರು, ಇಂದಿರಾನಗರ, ಕಲ್ಯಾಣ ನಗರದ ಅಡ್ಡರಸ್ತೆಗಳಲ್ಲಿ ಭರತನಾಟ್ಯದ ತರಗತಿಗಳಿಗೆ ಬರವಿಲ್ಲ. ಅಂಧ ಮಗುವಿಗೆ ಕಲಿಸಲು ವಿಶೇಷ ಉಪಕರಣ ಬೇಡ, ಬೇಕಾದದ್ದು ಶಿಕ್ಷಕರ ಸಮಯ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 29ನೇ ಸೆಕ್ಷನ್ ಕೂಡ ಕಲಾ ಪಠ್ಯಕ್ರಮಗಳನ್ನು ಅಂಗವಿಕಲರಿಗೆ ಒಗ್ಗುವಂತೆ ಮರುರೂಪಿಸಲು ಸರ್ಕಾರಕ್ಕೆ ಹೇಳುತ್ತದೆ.

ಜೀವನೋಪಾಯದ ಮಾತು ಬೇರೆ. ಕಣ್ಣಿರುವ ನರ್ತಕರೇ ಬರಿಯ ಪ್ರದರ್ಶನದಿಂದ ಸಂಸಾರ ಸಾಗಿಸುವುದು ಅಪರೂಪ. ಪಾಠ ಹೇಳಿ ಬದುಕುತ್ತಾರೆ. ಕಣ್ಣಿಲ್ಲದವರಿಗೆ ಕಣ್ಣಿರುವ ಶಿಷ್ಯರು ಸಿಗುವುದು ಇನ್ನೂ ಅಪರೂಪ. ಹೀಗಾಗಿ ಬೇರೊಂದು ನೌಕರಿ ಆಸರೆಯಾಗಬೇಕಾಗುತ್ತದೆ. ಸರ್ಕಾರಿ ಹುದ್ದೆಗಳಲ್ಲಿ ಅಂಧರು ಮತ್ತು ಮಂದದೃಷ್ಟಿಯವರಿಗೆ ಅದೇ ಕಾಯ್ದೆಯಡಿ ಶೇ 1ರ ಮೀಸಲಾತಿ ಇದೆ. ಆಹ್ವಾನಗಳೇನೋ ಬರುತ್ತವೆ, ಬಹುಪಾಲು ಅಂಗವಿಕಲರ ದಿನಾಚರಣೆಗೆ, ಕಂಪನಿಗಳ ಸೇವಾ ಕಾರ್ಯಕ್ರಮಗಳಿಗೆ. ಅಲ್ಲಿ ಸಿಗುವ ಚಪ್ಪಾಳೆ ಅಚ್ಚರಿಗೆ ಸಲ್ಲುತ್ತದೆ, ತಾಳ ತಪ್ಪಿದರೂ ಯಾರೂ ಕೇಳುವುದಿಲ್ಲ. ವಿಮರ್ಶೆಯೇ ಇಲ್ಲದ ಕಲಾವಿದ ಬೆಳೆಯುವುದು ಕಷ್ಟ.

ಸಂಗೀತ–ನೃತ್ಯ ಸಭೆಗಳವರು, ಗಣೇಶೋತ್ಸವ–ರಾಜ್ಯೋತ್ಸವ ಸಮಿತಿಯವರು ಇಂಥ ತಂಡವನ್ನು ಕರೆಯುವುದಾದರೆ ಮಾಮೂಲಿ ಕಚೇರಿಗೇ ಕರೆಯಲಿ, ಮಾಮೂಲಿ ಸಂಭಾವನೆಯನ್ನೇ ಕೊಡಲಿ. ಜೊತೆಗೆ ಪ್ರದರ್ಶನಕ್ಕೆ ಒಂದು ಗಂಟೆ ಮುಂಚೆ ವೇದಿಕೆಯನ್ನು ಖಾಲಿ ಬಿಟ್ಟುಕೊಡಬೇಕು: ಅಗಲ ಆಳವನ್ನು ಕಲಾವಿದರು ಹೆಜ್ಜೆಯಿಂದ ಅಳೆದುಕೊಳ್ಳಬೇಕು. ಅಳತೆ ಮುಗಿದ ಮೇಲೆ ಹೂಕುಂಡ, ದೀಪದ ಕಂಬಗಳನ್ನು ಜಾಗದಿಂದ ಕದಲಿಸಬಾರದು.